ದಾಯಾದಿಯ ಬಣ್ಣ: ಆಫ್ರಿಕಾದ ಜಾನಪದದಲ್ಲಿ ಕಪ್ಪು ಬಿಳುಪು

ಆಫ್ರಿಕಾದ ಜನಪದ ಕಥೆಗಳಲ್ಲಿ ಮೈಬಣ್ಣದ ಮಾತು ಬರುವುದು ಕಡಿಮೆ. ಎರಡು ಸಾವಿರದಷ್ಟು ಭಾಷೆಗಳಿರುವ ಆ ಖಂಡದ ಕಥೆಗಾರರು ಪಾತ್ರಗಳ ಹಸಿವನ್ನು, ಹಟವನ್ನು, ಹುಟ್ಟಿನ ವಿಚಿತ್ರಗಳನ್ನು ಬಣ್ಣಿಸುತ್ತಾರೆಯೇ ಹೊರತು ಚರ್ಮವನ್ನಲ್ಲ. ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟನ ಮಹಾಕಾವ್ಯವನ್ನು ಮುಂದೆ ನಡೆಸುವುದು ತಾಯಿ ಸೊಗೊಲೊನಳ ಕುರೂಪ ಮತ್ತು ವರ್ಷಗಟ್ಟಲೆ ನಡೆಯಲಾರದೆ ನೆಲದ ಮೇಲೆ ತೆವಳುವ ಮಗನ ಕಾಲು. ಮೈಬಣ್ಣಕ್ಕೆ ಅಲ್ಲಿ ಕೆಲಸವಿಲ್ಲ. ಕಾಂಗೋದ ನ್ಯಾಂಗಾ ಜನರ ಮ್ವಿಂಡೊ ಹುಟ್ಟಿದ ಕೂಡಲೇ ನಡೆಯುತ್ತಾನೆ, ಮಾತಾಡುತ್ತಾನೆ, ತನ್ನನ್ನು ಕೊಲ್ಲಬಂದ ತಂದೆಯನ್ನು ಪಾತಾಳದವರೆಗೂ ಅಟ್ಟಿಸಿಕೊಂಡು ಹೋಗುತ್ತಾನೆ. ಅವನ ಮೈ ಯಾವ ಬಣ್ಣದ್ದೆಂದು ಕೇಳಬೇಕೆಂದು ಕೇಳುಗರಿಗೆ ತೋರಿಲ್ಲ. ಸುತ್ತಲಿನವರೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣದವರಾಗಿದ್ದ ಕಡೆ ಬಣ್ಣ ಸುದ್ದಿಯಾಗುವುದಿಲ್ಲ.

ಸುದ್ದಿಯಾಗುವುದು ನೆರೆಯವನ ಪಾಲು ತನ್ನ ಪಾಲಿಗಿಂತ ದೊಡ್ಡದಾಗಿ ಕಂಡಾಗ. ಗಿನಿಯ ಕರಾವಳಿಗೆ ಯುರೋಪಿನ ಹಡಗುಗಳು ಬಂದ ಮೇಲೆ, ಸಹಾರಾದ ಅಂಚಿನಲ್ಲಿ ಒಡೆಯರೂ ತೊತ್ತುಗಳೂ ಬೇರೆ ಬೇರೆ ಬಣ್ಣದವರಾದ ಮೇಲೆ, ದಕ್ಷಿಣದ ಹುಲ್ಲುಗಾವಲಿಗೆ ವಲಸಿಗರ ಎತ್ತಿನ ಬಂಡಿಗಳು ನುಗ್ಗಿದ ಮೇಲೆ ಹುಟ್ಟಿದ ಕಥೆಗಳಲ್ಲಿ ಕಪ್ಪೂ ಬಿಳುಪೂ ಪಾತ್ರಗಳಾದವು. ಆಗಲೂ ಬಿಳಿಯನು ಬಹಳ ಸಲ ಬೇರೆ ಕುಲದ ಪ್ರಾಣಿಯಾಗಿ ಬರುವುದಿಲ್ಲ. ಪಾಲು ತೆಗೆದುಕೊಂಡು ಬೇರೆಯಾದ ಒಡಹುಟ್ಟಿದವನಾಗಿ, ದಾಯಾದಿಯಾಗಿ ಬರುತ್ತಾನೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪಂಡಿತರು ತಲೆಬುರುಡೆಗಳನ್ನು ಅಳೆದು ಮನುಷ್ಯರನ್ನು ಮೇಲು ಕೀಳಿನ ಗುಂಪುಗಳಾಗಿ ಹಂಚುತ್ತಿದ್ದ ಹೊತ್ತಿಗೇ ಆಫ್ರಿಕಾದ ಕಥೆಗಾರರು ಎಲ್ಲರನ್ನೂ ಒಂದೇ ಅಂಗಳದಲ್ಲಿ ಕೂರಿಸಿ ಆಸ್ತಿಯ ತಗಾದೆ ತೆಗೆದಿದ್ದರು. ಬಣ್ಣದ ಕಥೆಗಳೆಂದು ಸಂಗ್ರಹಗಳಲ್ಲಿ ಹೆಸರಾದವುಗಳಲ್ಲಿ ಹೆಚ್ಚಿನವು ಪಾಲಿನ ಕಥೆಗಳೇ.

ಬಣ್ಣಗಳ ಬಗ್ಗೆ ಆಫ್ರಿಕಾದ ಸಂಪ್ರದಾಯಗಳಿಗೆ ಹೇಳಲು ಬೇಕಾದಷ್ಟಿದೆ, ಆದರೆ ಅವು ಚರ್ಮದ ಬಣ್ಣಗಳಲ್ಲ. ಇಂದಿನ ಜಾಂಬಿಯಾದ ವಾಯವ್ಯಕ್ಕಿರುವ ಎನ್‌ಡೆಂಬು ಜನರ ನಡುವೆ 1950ರ ದಶಕದಲ್ಲಿ ಇದ್ದು ಅವರ ಆಚರಣೆಗಳನ್ನು ದಾಖಲಿಸಿದ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಬಿಳಿ, ಕೆಂಪು, ಕಪ್ಪು ಎಂಬ ಮೂರು ಬಣ್ಣಗಳ ವ್ಯವಸ್ಥೆಯನ್ನು ವಿವರವಾಗಿ ಬರೆದ. ಬಿಳಿ ಎಂದರೆ ಹಾಲು, ಹಿಟ್ಟು, ಹಿರಿಯರ ಕೃಪೆ. ಕೆಂಪು ಎಂದರೆ ರಕ್ತ. ಹೆರಿಗೆಯದೂ ಆಗಬಹುದು, ಕೊಲೆಯದೂ ಆಗಬಹುದು. ಕಪ್ಪು ಎಂದರೆ ಸಾವು, ಮಾಟ, ಇದ್ದಿಲು. ಇಷ್ಟನ್ನೇ ಓದಿದವರು ಈ ಜನ ತಮ್ಮ ಮೈಯನ್ನೇ ಕೆಟ್ಟದ್ದೆಂದು ಎಣಿಸಿದ್ದರೆಂಬ ತೀರ್ಮಾನಕ್ಕೆ ಹಾರುವುದುಂಟು. ಟರ್ನರ್ ದಾಖಲಿಸಿದ್ದು ಅದಕ್ಕೆ ವಿರುದ್ಧ: ಕಡುಗಪ್ಪು ಮೈಯ ಹೆಣ್ಣು ಅಲ್ಲಿನ ಗಂಡಸರ ಕಣ್ಣಿಗೆ ಬಹಳ ಆಕರ್ಷಕಳು, ನದೀತಳದ ಕರಿ ಮಣ್ಣು ದಾಂಪತ್ಯದ ಒಲವಿನ ಗುರುತು. ಆಚರಣೆಯ ಕಪ್ಪು ಒಂದು, ಮೈಯ ಕಪ್ಪು ಇನ್ನೊಂದು. ಇವೆರಡನ್ನು ಬೆಸೆದು ಓದಿದ ಬರಹಗಳು ಜಾನಪದದ ಅಧ್ಯಯನಕ್ಕೆ ಮಾಡಿದ ಕೆಡುಕು ಸಣ್ಣದಲ್ಲ.

ಮೈಬಣ್ಣವನ್ನು ನೇರವಾಗಿ ವಿವರಿಸುವ ಕಥೆಗಳಲ್ಲಿ ಮಣ್ಣಿನ ಕಥೆಗಳು ಎಲ್ಲಕ್ಕಿಂತ ನಿರಾಳವಾದವು. ದಕ್ಷಿಣ ಸುಡಾನಿನ ಬಿಳಿ ನೈಲ್ ನದಿಯ ದಂಡೆಯ ಶಿಲ್ಲುಕ್ ಜನರ ಸೃಷ್ಟಿಕರ್ತ ಜುಯೊಕ್. ಅವನು ಲೋಕ ಸುತ್ತುತ್ತಾ ಮನುಷ್ಯರನ್ನು ಮಾಡಿದ. ಬಿಳಿಯರ ನಾಡಿನಲ್ಲಿ ಬಿಳಿ ಮಣ್ಣು ಸಿಕ್ಕಿತು, ಅದರಿಂದ ಬಿಳಿಯರಾದರು. ಈಜಿಪ್ಟಿನಲ್ಲಿ ನೈಲ್ ನದಿಯ ಕೆಸರಿನಿಂದ ಕಂದು ಜನರಾದರು. ಶಿಲ್ಲುಕರ ನಾಡಿಗೆ ಬಂದಾಗ ಕರಿ ಮಣ್ಣು ಕೈಗೆ ಬಂತು. ಬಣ್ಣದ ವಿಷಯ ಅಲ್ಲಿಗೆ ಮುಗಿಯುತ್ತದೆ. ಕಥೆಯ ಉಳಿದ ಭಾಗವೆಲ್ಲ ಹೊಲದ ಕೆಲಸಕ್ಕೆ ಮೀಸಲು: ನಡೆಯಲು ಓಡಲು ಕೊಕ್ಕರೆಯಂಥ ಉದ್ದ ಕಾಲು, ಗುದ್ದಲಿ ಹಿಡಿಯಲು ಒಂದು ಕೈ, ಕಳೆ ಕೀಳಲು ಇನ್ನೊಂದು, ಬೆಳೆದ ಜೋಳ ನೋಡಲು ಕಣ್ಣು, ತಿನ್ನಲು ಬಾಯಿ, ಹಾಡಲು ಕೂಗಲು ನಾಲಿಗೆ, ಹಿರಿಯರ ಮಾತು ಕೇಳಲು ಕಿವಿ. ಪಾದ್ರಿ ವಿಲ್ಹೆಲ್ಮ್ ಹೋಫ್‌ಮಾಯರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದುಕೊಂಡ ಈ ಕಥೆಯನ್ನು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ 1918ರ ತನ್ನ ಗ್ರಂಥದಲ್ಲಿ ಎತ್ತಿಕೊಂಡದ್ದು ಜನಾಂಗಗಳ ಬಣ್ಣಭೇದದ ಜಾಣ ವಿವರಣೆಯೆಂದು. ಕಥೆಗೆ ಬಣ್ಣಕ್ಕಿಂತ ಜೋಳವೇ ಮುಖ್ಯ ಎಂಬುದು ಅದರ ಅಳತೆಯಲ್ಲೇ ಕಾಣುತ್ತದೆ. ಮೂರು ಮಣ್ಣುಗಳಲ್ಲಿ ಯಾವುದು ಮೇಲು ಎಂಬ ಮಾತೂ ಅದರಲ್ಲಿಲ್ಲ.

ಇಥಿಯೋಪಿಯದ ಎತ್ತರದ ನಾಡಿನಲ್ಲಿ ಹೇಳುವ ಮಣ್ಣಿನ ಕಥೆ ಇಷ್ಟು ನಿರಪಾಯದ್ದಲ್ಲ. ದೇವರು ಮನುಷ್ಯರನ್ನು ತಿದ್ದಿ ಒಲೆಯಲ್ಲಿ ಬೇಯಿಸಿದ. ಒಮ್ಮೆ ಹೊತ್ತಿ ಕರಿಯಾದವು, ಅವನ್ನು ದಕ್ಷಿಣಕ್ಕೆ ಎಸೆದ. ಒಮ್ಮೆ ಹಸಿಯಾಗಿಯೇ ತೆಗೆದ, ಬಿಳಿಚಿಕೊಂಡಿದ್ದ ಅವನ್ನು ಉತ್ತರಕ್ಕೆ ಎಸೆದ. ಮೂರನೆಯ ಸಲ ಹದವಾಗಿ ಬೆಂದವನ್ನು ಇಥಿಯೋಪಿಯದಲ್ಲಿ ಇರಿಸಿದ. ಯುರೋಪಿನವರನ್ನು ಬೇಯದ ಮಡಕೆಗಳೆಂದು ನಗುವ ಈ ಕಥೆ ದಕ್ಷಿಣದ ಕರಿಯರನ್ನು ಸೀದವರೆಂದೂ ನಗುತ್ತದೆ. ಎತ್ತರದ ನಾಡಿನ ಒಡೆಯರು ದಕ್ಷಿಣದ ಮತ್ತು ಪಶ್ಚಿಮದ ತಗ್ಗುನಾಡುಗಳಿಂದ ಗುಲಾಮರನ್ನು ಹಿಡಿದು ತರುತ್ತಿದ್ದರು. ಗುಲಾಮಗಿರಿ ಅಲ್ಲಿ ಕಾನೂನಿನಿಂದ ರದ್ದಾದದ್ದು 1942ರಲ್ಲಿ. ಒಲೆಯ ಕಥೆಯ ನಗುವಿಗೆ ಆ ಹಿನ್ನೆಲೆ ಇದೆ. ಆಫ್ರಿಕಾದಲ್ಲಿ ಬಣ್ಣದ ತಾರತಮ್ಯವೆಲ್ಲ ಯುರೋಪಿನಿಂದ ಇಳಿದದ್ದೆಂದು ಹೇಳುವವರು ಈ ಕಥೆಯನ್ನು ಬದಿಗಿಡಬೇಕಾಗುತ್ತದೆ.

ನೈಜೀರಿಯ ಮತ್ತು ಬೆನಿನ್‌ನ ಯೊರುಬಾ ಜನರಲ್ಲಿ ದೇಹಗಳನ್ನು ತಿದ್ದುವ ಕೆಲಸ ಒಬಟಾಲ ಎಂಬ ದೇವರದು; ಉಸಿರು ತುಂಬುವುದು ಪರಮದೇವ ಒಲೊಡುಮಾರೆ. ಒಬಟಾಲ ಒಮ್ಮೆ ತಾಳೆಯ ಹೆಂಡ ಕುಡಿದು ಕೆಲಸಕ್ಕೆ ಕೂತ. ಕೈ ತಪ್ಪಿತು. ಗೂನು ಬೆನ್ನಿನವರು, ಅಂಗ ಊನವಾದವರು, ಮೈಯಲ್ಲಿ ಬಣ್ಣವೇ ಇಲ್ಲದವರು ಹುಟ್ಟಿದ್ದು ಹಾಗೆ. ಆ ಜನರೆಲ್ಲ ಅಂದಿನಿಂದ ಒಬಟಾಲನ ಸ್ವಂತದವರು, ಅವನ ರಕ್ಷಣೆಯಲ್ಲಿರುವವರು. ಅವರನ್ನು ಅಣಕಿಸಿದವನು ದೇವರನ್ನೇ ಕೆಣಕಿದಂತೆ. ಒಬಟಾಲನ ಭಕ್ತರು ತಾಳೆಯ ಹೆಂಡ ಮುಟ್ಟುವುದಿಲ್ಲ. ಇಲ್ಲಿ ಬಿಳಿ ಮೈಯೆಂದರೆ ಆಲ್ಬಿನಿಸಂ, ಅಂದರೆ ಕರಿಯ ತಂದೆತಾಯಿಗೇ ಹುಟ್ಟಿದ ಬಣ್ಣವಿಲ್ಲದ ಮಗು. ಯುರೋಪಿನವರನ್ನು ನೋಡುವ ಮೊದಲೇ ಆಫ್ರಿಕಾದ ಬಹುಪಾಲು ಹಳ್ಳಿಗಳು ಕಂಡಿದ್ದ ಬಿಳಿಯರು ಇವರೇ.

ಎಲ್ಲ ಕಡೆಯೂ ಅವರಿಗೆ ಒಬಟಾಲನ ಕಾವಲು ಸಿಗಲಿಲ್ಲ. ಅವರು ಸಾಯುವುದಿಲ್ಲ, ಮಾಯವಾಗುತ್ತಾರೆ ಎಂಬ ನಂಬಿಕೆ ಪೂರ್ವ ಆಫ್ರಿಕಾದಲ್ಲಿ ವ್ಯಾಪಕ. ಟಾಂಜಾನಿಯದಲ್ಲಿ ಅವರನ್ನು ದೆವ್ವವೆಂದು ಕರೆದು ಹೀಯಾಳಿಸುವುದುಂಟು. ಆ ದೇಶದಲ್ಲಿ ಸುಮಾರು 1,400 ಜನರಲ್ಲಿ ಒಬ್ಬರಿಗೆ ಆಲ್ಬಿನಿಸಂ ಇದೆಯೆಂಬ ಅಂದಾಜಿದೆ. ಈ ಶತಮಾನದ ಮೊದಲ ದಶಕದಲ್ಲಿ ಅವರ ಅಂಗಗಳು ಐಶ್ವರ್ಯ ತರುತ್ತವೆಂಬ ಮಾತು ಹರಡಿ ಕೊಲೆಗಳು ನಡೆದವು, ಗೋರಿಗಳನ್ನು ಅಗೆಯಲಾಯಿತು. ಟಾಂಜಾನಿಯ ಸರ್ಕಾರ 2015ರಲ್ಲಿ ಮಾಂತ್ರಿಕ ವೈದ್ಯರನ್ನು ನಿಷೇಧಿಸಿತು. ವಿಶ್ವಸಂಸ್ಥೆ ಅದೇ ವರ್ಷ ಈ ವಿಷಯಕ್ಕೆಂದೇ ಸ್ವತಂತ್ರ ತಜ್ಞರ ಹುದ್ದೆ ತೆರೆಯಿತು. ಸಾಯದವರು ಎಂಬ ಹಳೆಯ ಕಥೆ ಒಂದು, ಅಂಗ ಮಾರುವ ಹೊಸ ಸಂತೆ ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ನೆಪವಾಯಿತು.

ಪಾಲಿನ ಕಥೆಗಳಿಗೆ ಬಂದರೆ ಸಾಮಗ್ರಿ ಸಮೃದ್ಧವಾಗಿದೆ, ಹಳೆಯದೂ ಆಗಿದೆ. ಡಚ್ ವ್ಯಾಪಾರಿ ವಿಲೆಮ್ ಬೋಸ್‌ಮನ್ ಇಂದಿನ ಘಾನಾದ ಕರಾವಳಿಯಲ್ಲಿ, ಆಗಿನ ಚಿನ್ನದ ತೀರದಲ್ಲಿ, ಹದಿನಾಲ್ಕು ವರ್ಷ ಇದ್ದವನು. 1704ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಸ್ಥಳೀಯರಿಂದ ಕೇಳಿದ ಕಥೆಯೊಂದಿದೆ. ದೇವರು ಕರಿಯರನ್ನೂ ಬಿಳಿಯರನ್ನೂ ಮಾಡಿ ಎರಡು ಉಡುಗೊರೆ ಮುಂದಿಟ್ಟ: ಒಂದು ಚಿನ್ನ, ಇನ್ನೊಂದು ಓದುಬರಹದ ವಿದ್ಯೆ. ಮೊದಲು ಆರಿಸುವ ಹಕ್ಕು ಕರಿಯರದು. ಅವರು ಚಿನ್ನ ತೆಗೆದುಕೊಂಡರು. ಅವರ ಆಸೆಬುರುಕತನಕ್ಕೆ ಸಿಟ್ಟಾದ ದೇವರು ಬಿಳಿಯರೇ ಎಂದೆಂದಿಗೂ ಒಡೆಯರಾಗಿರಲಿ ಎಂದ.

ಒಂದು ಶತಮಾನ ಕಳೆದು, 1817ರಲ್ಲಿ, ಅಸಾಂಟೆ ರಾಜಧಾನಿ ಕುಮಾಸಿಗೆ ಹೋದ ಬ್ರಿಟಿಷ್ ನಿಯೋಗದಲ್ಲಿದ್ದ ಥಾಮಸ್ ಎಡ್ವರ್ಡ್ ಬೌಡಿಚ್ ಅದೇ ಕಥೆಯ ಬೆಳೆದ ರೂಪವನ್ನು ಕೇಳಿದ. ಮೂವರು ಬಿಳಿ ಗಂಡಸರು, ಮೂವರು ಕರಿ ಗಂಡಸರು, ಅಷ್ಟೇ ಮಂದಿ ಹೆಂಗಸರು. ನೆಲದ ಮೇಲೆ ದೊಡ್ಡದೊಂದು ಸೋರೆಬುರುಡೆ, ಪಕ್ಕದಲ್ಲಿ ಮುದ್ರೆಯೊತ್ತಿದ ಒಂದು ಕಾಗದ. ಕರಿಯರು ಬುರುಡೆ ಆರಿಸಿದರು. ಒಳಗೆ ಒಂದಿಷ್ಟು ಚಿನ್ನ, ಕಬ್ಬಿಣ, ಬಳಕೆ ತಿಳಿಯದ ಬೇರೆ ಲೋಹಗಳು. ಬಿಳಿಯರ ಕಾಗದ ಅವರಿಗೆ ಎಲ್ಲವನ್ನೂ ತಿಳಿಸಿತು. ದೇವರು ಕರಿಯರನ್ನು ಕಾಡಿನಲ್ಲೇ ಬಿಟ್ಟು ಬಿಳಿಯರನ್ನು ಕಡಲ ದಂಡೆಗೆ ಕರೆದೊಯ್ದು ಹಡಗು ಕಟ್ಟುವುದನ್ನು ಕಲಿಸಿದ. ಅವರು ದೂರದ ನಾಡಿಗೆ ಹೋಗಿ, ಬಹುಕಾಲದ ಮೇಲೆ ಸರಕು ತುಂಬಿಕೊಂಡು ಮಾರಲು ಬಂದರು.

ಎರಡೂ ರೂಪಗಳಲ್ಲಿ ಗಮನಿಸಬೇಕಾದದ್ದು ಒಂದಿದೆ. ಬಿಳಿಯನ ಮೇಲುಗೈಗೆ ಕಾರಣ ಅವನ ಚರ್ಮವಲ್ಲ, ಮಿದುಳಲ್ಲ, ರಕ್ತವೂ ಅಲ್ಲ, ಕಾಗದ. ಎಲ್ಮಿನಾ, ಕೇಪ್ ಕೋಸ್ಟ್ ಕೋಟೆಗಳಲ್ಲಿ ವ್ಯಾಪಾರ ಮಾಡಿದ ಕರಾವಳಿಯ ಜನ ದಿನವೂ ಕಂಡದ್ದು ಅದನ್ನೇ. ತಾವು ತಂದ ಚಿನ್ನದ ತೂಕ, ಕೊಟ್ಟ ಗುಲಾಮರ ಎಣಿಕೆ, ಉಳಿದ ಬಾಕಿ ಎಲ್ಲವೂ ಒಂದು ಪುಸ್ತಕದೊಳಗೆ ಹೋಗಿ ಕೂರುತ್ತಿತ್ತು. ಅಲ್ಲಿಂದ ಹೊರಬರುವಾಗ ಲೆಕ್ಕ ಬಿಳಿಯನ ಪರವಾಗಿರುತ್ತಿತ್ತು. ಕಡಲಾಚೆಯ ಯಾರದೋ ಅಪ್ಪಣೆ ಕಾಗದದಲ್ಲೇ ಬರುತ್ತಿತ್ತು. ಯುರೋಪಿನ ಬಲದ ಗುಟ್ಟು ಎಲ್ಲಿದೆಯೆಂಬುದಕ್ಕೆ ಆ ಕಾಲದಲ್ಲಿ ಬರೆದ ಅನೇಕ ಗ್ರಂಥಗಳಿಗಿಂತ ಈ ಕಥೆಯ ಉತ್ತರ ಚೊಕ್ಕವಾಗಿದೆ.

ಹೇಳಿದವರು ಯಾರು, ಕೇಳಿದವರು ಯಾರು ಎಂಬುದನ್ನೂ ಮರೆಯುವಂತಿಲ್ಲ. ಕೋಟೆಯ ವ್ಯಾಪಾರಿಯ ಮುಂದೆ, ರಾಯಭಾರಿಯ ಮುಂದೆ, ಪಾದ್ರಿಯ ಮುಂದೆ ಹೇಳಿದ ಕಥೆಗಳು ಇವು. ತಪ್ಪು ನಮ್ಮದೇ ಎಂಬ ಮುಕ್ತಾಯ ಅಂಥ ಕೇಳುಗನಿಗೆ ಹಿತವಾಗಿರುತ್ತದೆಂದು ಹೇಳುವವನಿಗೆ ಗೊತ್ತು. ಮುಚ್ಚಿದ ಬುರುಡೆಯನ್ನೂ ಮುದ್ರೆಯೊತ್ತಿದ ಕಾಗದವನ್ನೂ ತೋರಿಸಿ ಆರಿಸೆಂದು ಹೇಳಿದ ದೇವರು ನ್ಯಾಯವಂತನೇ ಎಂಬ ಪ್ರಶ್ನೆ ಅದರ ಅಡಿಯಲ್ಲೇ ಉಳಿಯುತ್ತದೆ. ಹಂಗೇರಿ ಮೂಲದ ವಿದ್ವಾಂಸೆ ವೆರೋನಿಕಾ ಗೋರೋಗ್-ಕರಾಡಿ 1976ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಕರಿಯರು ಮತ್ತು ಬಿಳಿಯರ ಚಿತ್ರಣದ ಅಧ್ಯಯನ ಈ ಬಗೆಯ ಕಥೆಗಳನ್ನು ಖಂಡದ ಉದ್ದಗಲದಿಂದ ಕಲೆಹಾಕಿದೆ. ಕರಿಯ ಪೂರ್ವಜನ ತಪ್ಪಿನಿಂದ ಪಾಲು ಹೋದ ಕಥೆಗಳಂತೆಯೇ ತಂದೆತಾಯಿಯ ಪಕ್ಷಪಾತದಿಂದ ಹೋದ ಕಥೆಗಳೂ ಇವೆಯೆಂಬುದನ್ನು ಆಕೆ ಮುಂದೆ ಬರೆದ ಲೇಖನದಲ್ಲಿ ಬಿಡಿಸಿ ತೋರಿಸಿದಳು.

ದಕ್ಷಿಣದಲ್ಲಿ ಚಿನ್ನದ ಬದಲು ಅವಸರ ಬರುತ್ತದೆ. ನಟಾಲ್‌ನಲ್ಲಿದ್ದ ಪಾದ್ರಿ ಹೆನ್ರಿ ಕ್ಯಾಲವೇ 1868ರಿಂದ 1870ರವರೆಗೆ ಜುಲು ಭಾಷೆಯಲ್ಲೇ ಅಚ್ಚು ಮಾಡಿಸಿದ ಹೇಳಿಕೆಗಳಲ್ಲಿ, ಜನಾಂಗಗಳೆಲ್ಲ ಒಂದೇ ಮೂಲಸ್ಥಾನದಿಂದ ಹೊರಬಂದ ಪ್ರಸಂಗವಿದೆ. ಕರಿಯರು ಮೊದಲು ಹೊರಟರು. ದನ, ಧಾನ್ಯ, ಈಟಿ, ಗುದ್ದಲಿಗಳಂಥ ಕೆಲವೇ ವಸ್ತುಗಳು ಕೈಯಲ್ಲಿದ್ದವು, ಇನ್ನೇನೂ ಉಳಿದಿಲ್ಲವೆಂದು ತಿಳಿದರು. ಬಿಳಿಯರು ಕೊನೆಗೆ, ಎಲ್ಲವನ್ನೂ ತೆಗೆದುಕೊಂಡು, ಬಂಡಿ ಹೂಡಿಕೊಂಡು ಬಂದರು. ಹೇಳಿದವನ ಮಾತಿನಲ್ಲಿ ಪಶ್ಚಾತ್ತಾಪಕ್ಕಿಂತ ವ್ಯಂಗ್ಯ ಹೆಚ್ಚು.

ಈ ಕಥೆಗಳ ಚೌಕಟ್ಟು ಬಿಳಿಯರೊಂದಿಗೆ ಬಂದದ್ದಲ್ಲ. ಬಣ್ಣದಲ್ಲಿ ಯಾವ ಭೇದವೂ ಇಲ್ಲದ ದಕ್ಷಿಣ ಸುಡಾನಿನ ನುಯರ್ ಮತ್ತು ಡಿಂಕಾ ಜನರ ನಡುವೆಯೂ ಅದೇ ಚೌಕಟ್ಟಿದೆ. ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1940ರಲ್ಲಿ ಬರೆದಂತೆ, ನುಯರ್ ಮತ್ತು ಡಿಂಕಾ ದೇವರ ಇಬ್ಬರು ಮಕ್ಕಳು. ದೇವರು ಮುದಿ ಹಸುವನ್ನು ಡಿಂಕಾನಿಗೂ ಎಳೆಗರುವನ್ನು ನುಯರನಿಗೂ ಕೊಡುವುದಾಗಿ ಮಾತು ಕೊಟ್ಟಿದ್ದ. ಡಿಂಕಾ ರಾತ್ರಿ ಬಂದು, ನುಯರನ ದನಿ ಅನುಕರಿಸಿ, ಕರುವನ್ನು ಪಡೆದುಕೊಂಡುಹೋದ. ಡಿಂಕಾರ ದನ ದೋಚುವುದು ನುಯರರಿಗೆ ದೇವರೇ ಕೊಟ್ಟ ಹಕ್ಕಾದದ್ದು ಹೀಗೆ. ರುವಾಂಡದಲ್ಲಿ ಟ್ವ, ಹುಟು, ಟುಟ್ಸಿ ಜನರ ಮೂಲಪುರುಷರಾದ ಗಟ್ವ, ಗಹುಟು, ಗಟುಟ್ಸಿ ಎಂಬ ಮೂವರಿಗೆ ರಾತ್ರಿಯಿಡೀ ಕಾಯಲು ಒಂದೊಂದು ಪಾತ್ರೆ ಹಾಲು ಕೊಡಲಾಯಿತು; ಬೆಳಗಾಗುವಷ್ಟರಲ್ಲಿ ಮೊದಲನೆಯವನು ಕುಡಿದುಬಿಟ್ಟಿದ್ದ, ಎರಡನೆಯವನು ಚೆಲ್ಲಿದ್ದ, ಮೂರನೆಯವನದು ಹಾಗೇ ಇತ್ತು. ಟುಟ್ಸಿ ಅರಮನೆಗೆ ಅನುಕೂಲವಾದ ಕಥೆ ಇದು. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಗಳ ಮೇಲೆ ಈ ಮೂರು ಹೆಸರುಗಳನ್ನು ಅಚ್ಚೊತ್ತಿತು. ಟುಟ್ಸಿಗಳು ಉತ್ತರದಿಂದ ಬಂದ ತಿಳಿಬಣ್ಣದ ಕುಲದವರೆಂಬ ಯುರೋಪಿನ ಊಹೆಯನ್ನು ಅದಕ್ಕೆ ಬೆರೆಸಿತು. ಒಡಹುಟ್ಟಿದವರ ಕಥೆ ಜನಾಂಗದ ಕಥೆಯಾಗಿ ಗಟ್ಟಿಯಾದದ್ದು ಆ ಚೀಟಿಗಳಲ್ಲಿ. 1994ರ ನರಮೇಧದಲ್ಲಿ ರಸ್ತೆ ತಡೆದು ನಿಂತವರು ಕೇಳಿದ್ದು ಅದೇ ಚೀಟಿಯನ್ನು.

ಪಾಲಿನ ಕಥೆಯನ್ನು ತಿರುವಿಹಾಕಿದ ನಿದರ್ಶನವೂ ಇದೆ. ಸ್ವಾಜಿ ದೊರೆ ಸೊಮ್ಹ್ಲೊಲೊ, ಅಂದರೆ ಒಂದನೆಯ ಸೊಭುಜಾ, 1830ರ ದಶಕದಲ್ಲಿ ತೀರಿಕೊಳ್ಳುವ ಮೊದಲು ಕನಸು ಕಂಡನೆಂದು ಅಲ್ಲಿನ ಐತಿಹ್ಯ. ದನದ ಬಾಲದಂಥ ಕೂದಲಿನ ತಿಳಿಬಣ್ಣದ ಜನ ಬರುತ್ತಿದ್ದಾರೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ದುಂಡನೆಯ ಹಣ. ಪುಸ್ತಕ ತೆಗೆದುಕೊಳ್ಳಿ, ಹಣದಿಂದ ದೂರವಿರಿ, ಅವರ ರಕ್ತ ಮಾತ್ರ ಹರಿಸಬೇಡಿ ಎಂಬುದು ದೊರೆಯ ಮಾತು. ಚಿನ್ನದ ತೀರದ ಪೂರ್ವಜ ಎಡವಿದ ಆಯ್ಕೆಯನ್ನು ಇಲ್ಲಿ ಮುಂಚಿತವಾಗಿಯೇ ಸರಿಪಡಿಸಲಾಗಿದೆ. 1968ರ ಸೆಪ್ಟೆಂಬರ್ 6ರಂದು ಸ್ವತಂತ್ರವಾದ ಸ್ವಾಜಿಗಳ ದೇಶ ಆ ದಿನವನ್ನು ಸೊಮ್ಹ್ಲೊಲೊ ದಿನವೆಂದೇ ಆಚರಿಸುತ್ತದೆ.

ಸಹಾರಾದ ಎರಡೂ ಅಂಚುಗಳಲ್ಲಿ ಪರಿಸ್ಥಿತಿ ಬೇರೆ. ಯುರೋಪಿನವರು ಬರುವ ಎಷ್ಟೋ ಮೊದಲೇ ಅಲ್ಲಿ ತಮ್ಮನ್ನು ಬಿಳಿಯರೆಂದು ಕರೆದುಕೊಂಡವರೂ ಕರಿಯರೆನಿಸಿಕೊಂಡವರೂ ಇದ್ದರು. ಗುಲಾಮಗಿರಿಯ ಗೆರೆ ಬಹುಮಟ್ಟಿಗೆ ಅದೇ ಆಗಿತ್ತು. ಅಲ್ಜೀರಿಯದ ಕಬೈಲ್ ಬೆಟ್ಟಗಳ ಕಥೆಗಳನ್ನು ತಾವೋಸ್ ಆಮ್ರೂಶ್ ತನ್ನ ತಾಯಿಯ ಬಾಯಿಂದ ಕೇಳಿ 1966ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದಳು. ಸಂಗ್ರಹಕ್ಕೆ ಹೆಸರು ಕೊಟ್ಟ ಕಥೆಯಲ್ಲಿ ಹುಡುಗಿಯೊಬ್ಬಳು ಮನೆ ಬಿಟ್ಟುಹೋದ ಏಳು ಅಣ್ಣಂದಿರನ್ನು ಹುಡುಕಿ ಕುದುರೆಯೇರಿ ಹೊರಡುತ್ತಾಳೆ. ಜೊತೆಗೆ ಕರಿಯ ದಾಸಿ. ದಾರಿಯಲ್ಲಿ ಎರಡು ಚಿಲುಮೆ, ಒಂದು ಸ್ವತಂತ್ರ ಹೆಂಗಸರದು, ಇನ್ನೊಂದು ದಾಸಿಯರದು. ಒಡತಿ ದಾಸಿಯರ ನೀರಿನಲ್ಲಿ ಮಿಂದು ಕಪ್ಪಾಗುತ್ತಾಳೆ, ದಾಸಿ ಇನ್ನೊಂದರಲ್ಲಿ ಮಿಂದು ಬಿಳುಪಾಗುತ್ತಾಳೆ. ಈಗ ಕುದುರೆಯ ಮೇಲೆ ದಾಸಿ. ಅಣ್ಣಂದಿರು ಅವಳನ್ನೇ ತಂಗಿಯೆಂದು ಒಳಗೆ ಕರೆದುಕೊಂಡು, ನಿಜವಾದ ತಂಗಿಯನ್ನು ಒಂಟೆ ಮೇಯಿಸಲು ಕಳಿಸುತ್ತಾರೆ. ಅವಳ ಅಳುವ ಹಾಡು ಕೇಳಿ ಒಂಟೆಗಳು ಮೇವು ಬಿಟ್ಟು ಸೊರಗುತ್ತವೆ. ಕಿವುಡಾಗಿದ್ದ ಒಂದು ಮಾತ್ರ ಕೊಬ್ಬುತ್ತದೆ. ಕೊನೆಗೆ ಗುಟ್ಟು ಹೊರಬೀಳುವುದು ತಲೆವಸ್ತ್ರ ಬಿಚ್ಚಿಸಿ ಕೂದಲು ನೋಡಿದಾಗ.

ಬಣ್ಣ ಒಂದು ಮುಳುಗಿನಲ್ಲಿ ಬರುತ್ತದೆ, ಇನ್ನೊಂದು ಮುಳುಗಿನಲ್ಲಿ ಹೋಗುತ್ತದೆ. ಹುಟ್ಟು ಮಾತ್ರ ಹೋಗುವುದಿಲ್ಲ ಎಂಬುದು ಈ ಕಥೆಯ ನಂಬಿಕೆ. ಅಣ್ಣಂದಿರು ಮುಖ ನೋಡಿ ತಂಗಿಯನ್ನು ಗುರುತಿಸಲಾರದೆ ಹೋದರೆಂಬುದರಲ್ಲಿ ಬಣ್ಣದ ಮೇಲಿನ ಅವರ ಕುರುಡು ಭರವಸೆಯೂ ಬಯಲಾಗುತ್ತದೆ. ಹಾಗೆಂದು ಕಥೆ ದಾಸಿಯ ಮೇಲೆ ಕರುಣೆ ತೋರಿಸುವುದಿಲ್ಲ. ಬದಲಿ ವಧುವಿನ, ಬದಲಿ ತಂಗಿಯ ಕಥೆಗಳು ದಕ್ಷಿಣ ಆಫ್ರಿಕಾದಲ್ಲೂ ಇವೆ. ಕ್ಯಾಲವೇ ಸಂಗ್ರಹಿಸಿದ ಜುಲು ಕಥೆಯಲ್ಲಿ ರಾಜಕುಮಾರಿಯ ಉಡುಪು ಕದ್ದು ಅವಳ ಜಾಗಕ್ಕೆ ಬರುವುದು ಇಂಬುಲು ಎಂಬ ಹಲ್ಲಿಯಂಥ ಪ್ರಾಣಿ. ಅದರ ಮೋಸ ಬಾಲದಿಂದ ಬಯಲಾಗುತ್ತದೆ, ಬಣ್ಣದಿಂದಲ್ಲ. ಗುಲಾಮಗಿರಿಗೆ ಬಣ್ಣವಿದ್ದ ಕಡೆ ಮೋಸಗಾತಿಗೂ ಬಣ್ಣ ಬಂತು, ಇಲ್ಲದ ಕಡೆ ಬಾಲ ಸಾಕಾಯಿತು.

ಅದೇ ಅರಬ್ ಪ್ರಭಾವದ ವಲಯದಲ್ಲೇ ಕರಿಯ ನಾಯಕನ ದೊಡ್ಡ ಮಹಾಕಾವ್ಯವೂ ಇದೆ. ಈಜಿಪ್ಟಿನ ಮೇಲ್ನಾಡಿನ ಗಾಯಕರು ರಬಾಬ್ ವಾದ್ಯ ನುಡಿಸುತ್ತಾ ಹಾಡುವ, ಬನೂ ಹಿಲಾಲ್ ಎಂಬ ಅರಬ್ ಬುಡಕಟ್ಟಿನ ಕಥನದ ವೀರ ಅಬು ಝೈದ್. ಮಕ್ಕಳಿಲ್ಲದ ತಾಯಿ ಖದ್ರಾ ಕೊಳದ ಬಳಿ ಕರಿಯ ಹಕ್ಕಿಯೊಂದು ಉಳಿದ ಹಕ್ಕಿಗಳನ್ನೆಲ್ಲ ಓಡಿಸುವುದನ್ನು ಕಂಡು ಅಂಥ ಮಗ ಬೇಕೆಂದು ಬೇಡುತ್ತಾಳೆ. ಹುಟ್ಟಿದ ಮಗು ಕಪ್ಪು. ತಂದೆ ರಿಜ್ಕ್ ಹೆಂಡತಿಯನ್ನು ಶಂಕಿಸಿ ಇಬ್ಬರನ್ನೂ ಹೊರಗಟ್ಟುತ್ತಾನೆ. ಬೇರೊಂದು ಬುಡಕಟ್ಟಿನಲ್ಲಿ ಬೆಳೆದ ಮಗ ಒಂದು ದಿನ ತಂದೆಯನ್ನೇ ರಣರಂಗದಲ್ಲಿ ಎದುರಿಸುತ್ತಾನೆ. ಕಪ್ಪು ಇಲ್ಲಿ ಕಳಂಕವಾಗಿ ಶುರುವಾಗಿ ಪರಾಕ್ರಮದ ಗುರುತಾಗುತ್ತದೆ, ಆದರೆ ಅವನು ಮೇಲಿಂದ ಮೇಲೆ ಅದನ್ನು ಸಾಬೀತು ಮಾಡುತ್ತಲೇ ಇರಬೇಕು. ಯುನೆಸ್ಕೊ 2003ರಲ್ಲಿ ಈ ಗಾಯನ ಪರಂಪರೆಯನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಯೆಂದು ಸಾರಿತು.

ಕಪ್ಪು ಮೈ ನೋಹನ ಮಗ ಹ್ಯಾಮನಿಗೆ ತಗುಲಿದ ಶಾಪ, ಆದ್ದರಿಂದ ಕರಿಯರು ಗುಲಾಮರೆಂಬ ಮಾತು ಮರಳುಗಾಡು ದಾಟಿ ಬಂದಿತ್ತು. ಟಿಂಬಕ್ಟುವಿನ ವಿದ್ವಾಂಸ ಅಹ್ಮದ್ ಬಾಬಾ 1615ರ ಸುಮಾರಿನಲ್ಲಿ ಬರೆದ ಗ್ರಂಥದಲ್ಲಿ ಅದನ್ನು ತಳ್ಳಿಹಾಕಿದ: ಯಾರನ್ನಾದರೂ ಗುಲಾಮನಾಗಿ ಹಿಡಿಯಲು ಕಾರಣವಾಗಬಹುದಾದದ್ದು ಅವಿಶ್ವಾಸ, ಬಣ್ಣವಲ್ಲ. ಗುಲಾಮಗಿರಿಯನ್ನೇ ಅವನು ತಳ್ಳಿಹಾಕಲಿಲ್ಲ. ಮುಂದೆ ಕ್ರೈಸ್ತ ಪಾದ್ರಿಗಳ ಮೂಲಕವೂ ಹ್ಯಾಮನ ಕಥೆ ಖಂಡದ ಒಳಗೆ ಹೊಕ್ಕಿತು. ಕುಡಿದು ಮಲಗಿದ ತಂದೆಯನ್ನು ನೋಡಿ ನಕ್ಕ ಹಿರಿಯ ಮಗ ಕರಿಯನಾದ, ಬಟ್ಟೆ ಹೊದಿಸಿದ ಕಿರಿಯ ಬಿಳಿಯನಾದ ಎಂಬಂಥ ಕಥೆಗಳಲ್ಲಿ ಸ್ಥಳೀಯ ಹೆಸರುಗಳ ಕೆಳಗೆ ಬೈಬಲ್ ಇಣುಕುತ್ತದೆ.

ಕಾಂಗೋ ನದಿಯ ಸೀಮೆಯಲ್ಲಿ ಬಿಳಿಯನು ದಾಯಾದಿಯಲ್ಲ, ಸತ್ತವನು. ಅಲ್ಲಿ ಬಿಳುಪು ಪಿತೃಗಳ ಬಣ್ಣ. ಸತ್ತವರ ಲೋಕ ನೀರಿನ ಆಚೆಗಿದೆ, ಬಿಳಿ ಜೇಡಿಯ ನಾಡು ಅದು. 1483ರ ಸುಮಾರಿಗೆ ಪೋರ್ಚುಗೀಸರು ಆ ನೀರಿನ ಕಡೆಯಿಂದಲೇ ಬಂದರು, ಬಿಳಿಯಾಗಿಯೇ ಬಂದರು. ಮೊದಲ ಗೌರವ ಭಯವಾಗಿ ತಿರುಗಲು ಗುಲಾಮ ವ್ಯಾಪಾರ ಸಾಕಾಯಿತು. ಹಡಗು ಹತ್ತಿದವರು ಯಾರೂ ಹಿಂದಿರುಗಲಿಲ್ಲ. ಹಡಗು ತಂದ ವಸ್ತುಗಳು ಮಾತ್ರ ಬರುತ್ತಲೇ ಇದ್ದವು. ಅಂಗೋಲದ ಕಡೆಯ ಜನ ಎರಡನ್ನೂ ಜೋಡಿಸಿದರು: ಕೆಂಪು ದ್ರಾಕ್ಷಾರಸ ಹೋದವರ ರಕ್ತ, ಗಿಣ್ಣು ಅವರ ಮಿದುಳು, ಎಣ್ಣೆ ಅವರ ಮೈ ಹಿಂಡಿದ್ದು, ಕೋವಿಯ ಮದ್ದು ಸುಟ್ಟ ಮೂಳೆಗಳ ಪುಡಿ. ಇತಿಹಾಸಕಾರ ಜೋಸೆಫ್ ಮಿಲ್ಲರ್ 1988ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ಮನುಷ್ಯರ ಬದುಕನ್ನು ತಿಂದು ಸರಕಾಗಿ ಹಿಂದಕ್ಕೆ ಕಳಿಸುವ ವ್ಯಾಪಾರವೊಂದರ ವರ್ಣನೆಯಾಗಿ ನೋಡಿದರೆ ಇದರಲ್ಲಿ ಸುಳ್ಳು ಬಹಳ ಕಡಿಮೆ. ಗುಲಾಮನಾಗಿ ಮಾರಾಟವಾಗಿದ್ದ ಒಲೌಡಾ ಇಕ್ವಿಯಾನೊ 1789ರ ಆತ್ಮಕಥೆಯಲ್ಲಿ, ಹಡಗಿನ ಕೆಂಪು ಮೋರೆಯ, ಜೋಲುಗೂದಲಿನ ಬಿಳಿಯರು ತನ್ನನ್ನು ತಿಂದುಬಿಡುತ್ತಾರೆಂದು ನಡುಗಿದ್ದನ್ನು ಬರೆದಿದ್ದಾನೆ. ವಸಾಹತು ಕಾಲದ ನೈರೋಬಿ, ಕಂಪಾಲಾಗಳಲ್ಲಿ ಅದೇ ಭಯ ಬೆಂಕಿ ಆರಿಸುವ ದಳದವರು ರಕ್ತ ಹೀರುತ್ತಾರೆಂಬ ವದಂತಿಯಾಗಿ ಓಡಾಡಿತು. ಅಷ್ಟರಲ್ಲಿ ರಕ್ತಪಿಪಾಸುವಿನ ಗುರುತು ಬಿಳಿ ಚರ್ಮವಾಗಿರದೆ ಸಮವಸ್ತ್ರವಾಗಿತ್ತು; ಅದನ್ನು ತೊಟ್ಟವನು ಆಫ್ರಿಕಾದವನೇ ಆಗಿರಬಹುದಿತ್ತು.

ಬಣ್ಣ ಎಷ್ಟು ಸಲೀಸಾಗಿ ಪಕ್ಷ ಬದಲಿಸುತ್ತದೆಂಬುದಕ್ಕೆ ದಕ್ಷಿಣ ಆಫ್ರಿಕಾದ ಖೋಸಾ ಜನರ ವದಂತಿ ಒಳ್ಳೆಯ ಉದಾಹರಣೆ. ಅವರ ವಿರುದ್ಧ ಯುದ್ಧ ನಡೆಸಿದ್ದ ಕೇಪ್ ಗವರ್ನರ್ ಜಾರ್ಜ್ ಕ್ಯಾಥ್‌ಕಾರ್ಟ್ 1854ರಲ್ಲಿ ಕ್ರಿಮಿಯಾದಲ್ಲಿ ರಷ್ಯನ್ನರ ಕೈಯಲ್ಲಿ ಸತ್ತ. ಸುದ್ದಿ ತಲುಪಿದ ಮೇಲೆ ರಷ್ಯನ್ನರು ಕರಿಯರು, ಸತ್ತ ಖೋಸಾ ಯೋಧರೇ ಅವರು, ನೆರವಿಗೆ ಬರುತ್ತಿದ್ದಾರೆ ಎಂಬ ಮಾತು ಹಬ್ಬಿತು. 1856-57ರಲ್ಲಿ ನೊಂಗ್‌ಖಾವುಸೆ ಎಂಬ ಹುಡುಗಿಯ ಭವಿಷ್ಯವಾಣಿ ನಂಬಿ ಜನ ತಮ್ಮ ದನಗಳನ್ನೇ ಕೊಂದ ದುರಂತದ ಹಿಂದೆ ಈ ನಿರೀಕ್ಷೆಯೂ ಇತ್ತು.

ಪಶ್ಚಿಮ ಆಫ್ರಿಕಾದ ಜಲದೇವತೆ ಮಾಮಿ ವಾಟಾ ರಕ್ತ ಹೀರುವ ಪರದೇಶಿಗಿಂತ ಸೌಮ್ಯಳು, ಧನ ಕೊಡುವವಳು. ತಿಳಿ ಮೈ, ಹರಡಿದ ನೀಳ ಕೂದಲು, ಕೊರಳ ಸುತ್ತ ಹಾವು. ಈ ರೂಪ ಬಹುಮಟ್ಟಿಗೆ 1880ರ ದಶಕದ ಹ್ಯಾಂಬರ್ಗಿನ ಬಣ್ಣದ ಅಚ್ಚೊಂದರಿಂದ ಬಂದದ್ದು. ಸರ್ಕಸ್ಸಿನ ಹಾವಾಡಗಿತ್ತಿಯ ಚಿತ್ರ ಅದು. 1955ರಲ್ಲಿ ಕುಮಾಸಿಯ ವ್ಯಾಪಾರಿಗಳಿಗಾಗಿ ಅದರ 12,000 ಪ್ರತಿಗಳನ್ನು ಅಚ್ಚು ಹಾಕಿಕೊಟ್ಟದ್ದು ಬೊಂಬಾಯಿಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿಯೆಂದು ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಪತ್ತೆಹಚ್ಚಿದ್ದಾನೆ. ಅದರ ಹಿಂದೆಯೇ ಭಾರತದ ದೇವರ ಪಟಗಳೂ ಹೋದವು. ಟೋಗೊ, ಬೆನಿನ್‌ಗಳ ಗುಡಿಗಳಲ್ಲಿ ಲಕ್ಷ್ಮಿ, ಹನುಮಂತರು ಕಡಲಿನ ದೇವತೆಗಳಾದರು. ಮೂರು ತಲೆಯ ದತ್ತಾತ್ರೇಯ ಅಲ್ಲಿನ ಡೆನ್ಸು ಎಂಬ ಜಲದೇವನಾದ. ಪರದೇಶಿಯ ರೂಪ ಇಲ್ಲಿ ಜನಾಂಗದ ಗುರುತಾಗದೆ ಕಡಲಾಚೆಯ ಸಂಪತ್ತಿನ ಗುರುತಾಗಿದೆ.

ಬಿಳಿಯನು ಸುಮ್ಮನೆ ಒಂದು ಪಾತ್ರವಾಗಿ ಬಂದುಹೋಗುವ ಕಥೆಗಳೂ ಇವೆ. ವಿಲ್ಹೆಲ್ಮ್ ಬ್ಲೀಕ್ 1864ರಲ್ಲಿ ಪ್ರಕಟಿಸಿದ ದಕ್ಷಿಣ ಆಫ್ರಿಕಾದ ಖೊಯ್ ಜನರ ಕಥೆಗಳಲ್ಲಿ ಬಿಳಿಯನೊಬ್ಬ ಕಲ್ಲಿನಡಿ ಸಿಕ್ಕ ಹಾವನ್ನು ಬಿಡಿಸುತ್ತಾನೆ, ಹಾವು ಅವನನ್ನೇ ಕಚ್ಚಲು ಬರುತ್ತದೆ. ನರಿ ನ್ಯಾಯಾಧೀಶನಾಗಿ, ಮೊದಲು ಹೇಗಿತ್ತೋ ಹಾಗೆ ಮಲಗಿ ತೋರಿಸು ಎಂದು ಹಾವನ್ನು ಮತ್ತೆ ಕಲ್ಲಿನಡಿ ಸೇರಿಸುತ್ತದೆ. ಬೋನಿನ ಹುಲಿಯ ಮತ್ತು ಬ್ರಾಹ್ಮಣನ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸದಲ್ಲ. ಬ್ರಾಹ್ಮಣನ ಜಾಗದಲ್ಲಿ ಬಿಳಿಯನಿದ್ದಾನೆ, ಅವನ ಬಣ್ಣಕ್ಕೆ ಕಥೆಯಲ್ಲಿ ಯಾವ ಕೆಲಸವೂ ಇಲ್ಲ.

ಸಾಗರ ದಾಟಿದ ಕಥೆಗಳು ಅಮೆರಿಕದಲ್ಲಿ ಇನ್ನಷ್ಟು ಚುರುಕಾದವು. ಜೋಯೆಲ್ ಚಾಂಡ್ಲರ್ ಹ್ಯಾರಿಸ್ 1880ರ ಪುಸ್ತಕದಲ್ಲಿ ಕೊಟ್ಟ ಕಥೆಯಲ್ಲಿ ಮೊದಲು ಎಲ್ಲರೂ ಕರಿಯರು. ಕೊಳದಲ್ಲಿ ಮೊದಲು ಮಿಂದವರು ಬಿಳಿಯರಾದರು, ಕೊನೆಗೆ ಬಂದವರಿಗೆ ಅಂಗೈ ಅಂಗಾಲು ಒದ್ದೆಯಾಗುವಷ್ಟೇ ನೀರು ಉಳಿದಿತ್ತು. ಜೋರಾ ನೀಲ್ ಹರ್ಸ್ಟನ್ ಫ್ಲಾರಿಡಾದಲ್ಲಿ ಸಂಗ್ರಹಿಸಿ 1935ರಲ್ಲಿ ಪ್ರಕಟಿಸಿದ ಕಥೆ ಅದಕ್ಕಿಂತ ತುಂಟತನದ್ದು. ದೇವರು ಬಣ್ಣ ಹಂಚುವ ದಿನ ತಡವಾಗಿ ಬಂದ ಗುಂಪು ನುಗ್ಗುತ್ತದೆ. ದೇವರು ‘ಗೆಟ್ ಬ್ಯಾಕ್’ ಎಂದು ಗದರಿದ್ದನ್ನು ಅವರು ‘ಗೆಟ್ ಬ್ಲ್ಯಾಕ್’ ಎಂದು ಕೇಳಿಸಿಕೊಳ್ಳುತ್ತಾರೆ. ಬಣ್ಣಕ್ಕೆ ಶಾಪ, ಪಾಪ, ವಿಜ್ಞಾನಗಳ ಕಾರಣ ಹೇಳುತ್ತಿದ್ದ ದೇಶದಲ್ಲಿ ಅದನ್ನು ಕಿವಿಯ ತಪ್ಪಿಗೆ ಇಳಿಸಿದ ಈ ಹಾಸ್ಯಕ್ಕೆ ಹರಿತವಿದೆ.

ಅಂಗೈಯ ಕಥೆ ಆಫ್ರಿಕಾದ ನೆಲದಲ್ಲೇ ಲಿಖಿತ ಸಾಹಿತ್ಯವಾದದ್ದು ಮೊಜಾಂಬಿಕ್‌ನಲ್ಲಿ. ಲೂಯಿಸ್ ಬರ್ನಾರ್ಡೊ ಹೊನ್ವಾನನ ‘ಕರಿಯರ ಕೈಗಳು’ ಎಂಬ ಪುಟ್ಟ ಕಥೆಯಲ್ಲಿ ಹುಡುಗನೊಬ್ಬ ಕರಿಯರ ಅಂಗೈ ಏಕೆ ಬೆಳ್ಳಗಿದೆಯೆಂದು ಊರವರನ್ನೆಲ್ಲ ಕೇಳುತ್ತಾನೆ. ಅವರ ಪೂರ್ವಜರು ಪ್ರಾಣಿಗಳಂತೆ ನಾಲ್ಕು ಕಾಲಲ್ಲಿ ನಡೆಯುತ್ತಿದ್ದರು ಎನ್ನುತ್ತಾನೆ ಮೇಷ್ಟರು. ಗುಟ್ಟಾಗಿ ಕೈ ಜೋಡಿಸಿ ಪ್ರಾರ್ಥಿಸುತ್ತಿದ್ದರು ಎನ್ನುತ್ತಾನೆ ಪಾದ್ರಿ. ಒಡೆಯರ ಊಟ ಮೈಲಿಗೆಯಾಗದಿರಲೆಂದು ಎನ್ನುತ್ತಾಳೆ ಒಬ್ಬಾಕೆ. ಜೇಡಿಮಣ್ಣಿನ ಗೊಂಬೆಗಳನ್ನು ಹೊಗೆಗೂಡಿನಲ್ಲಿ ನೇತುಹಾಕಿದ್ದು, ಮುಂಜಾವಿನ ತಣ್ಣನೆ ಕೊಳಕ್ಕೆ ಅಂಗೈ ಅಂಗಾಲು ಮಾತ್ರ ಅದ್ದಿದ್ದು, ಎಲ್ಲವೂ ಸರದಿಯಂತೆ ಬರುತ್ತವೆ. ಕೊನೆಗೆ ತಾಯಿ ಹೇಳುವ ಉತ್ತರ ಬೇರೆ: ಮನುಷ್ಯರು ಮಾಡುವುದೆಲ್ಲ ಒಂದೇ ಬಗೆಯ ಕೈಗಳ ಕೆಲಸವೆಂದು ತೋರಿಸಲು ದೇವರು ಹಾಗೆ ಮಾಡಿದ. ಅಷ್ಟು ಹೇಳುವ ಮೊದಲು ಅವಳು ಕಣ್ಣೀರು ಬರುವಷ್ಟು ನಗುತ್ತಾಳೆ; ಹೇಳಿದ ಮೇಲೆ ಮಗನ ಕೈಗಳಿಗೆ ಮುತ್ತಿಡುತ್ತಾಳೆ. ಜಾನಪದದ ಹಳೆಯ ವಿವರಣೆಗಳನ್ನೆಲ್ಲ ಒಂದೆಡೆ ತಂದು, ಪ್ರತಿಯೊಂದರ ಹಿಂದೆ ಅದನ್ನು ಹೇಳುವವನ ಹಿತಾಸಕ್ತಿ ಇದೆಯೆಂದು ತೋರಿಸಿದ ಕಥೆ ಇದು. ಈ ವಿಷಯದ ಮೇಲಿನ ಎಷ್ಟೋ ಪ್ರಬಂಧಗಳಿಗಿಂತ ಮೇಲಾದದ್ದು. ಇದನ್ನೊಳಗೊಂಡ ಸಂಕಲನ ಪ್ರಕಟವಾದ 1964ರಲ್ಲೇ ಪೋರ್ಚುಗೀಸ್ ರಹಸ್ಯ ಪೊಲೀಸರು ಹೊನ್ವಾನನನ್ನು ವಿಮೋಚನಾ ಚಳವಳಿಯ ಚಟುವಟಿಕೆಗಾಗಿ ಬಂಧಿಸಿದರು. ಅವನು ಮೂರು ವರ್ಷ ಸೆರೆಯಲ್ಲಿದ್ದ.